ಕೀಮೋ ಮೊದಲಾ, ರೇಡಿಯೇಷನ್ ಮೊದಲಾ?

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಎದೆಯ ನಡುವಿನ ದುಗ್ಧರಸ ಗ್ರಂಥಿಗಳಿಗೂ ಹಬ್ಬಿದ್ದರೆ ಆಪರೇಷನ್ ಮಾಡಿ ತೆಗೆಯುವುದು ಎಷ್ಟೋ ಸಲ ಆಗದ ಮಾತು. ಇದು ಮೂರನೇ ಹಂತ. ಇಂಥ ರೋಗಿಗಳಿಗೆ 1980ರ ದಶಕದಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ರೇಡಿಯೇಷನ್ ಒಂದೇ. ಆದರೆ ರೇಡಿಯೇಷನ್ ಬಿದ್ದ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ರಕ್ತದಲ್ಲಿ ಸಾಗಿ ಇನ್ನೆಲ್ಲೋ ಅಡಗಿ ಕೂತ ಕಣಗಳನ್ನು ಅದು ಮುಟ್ಟುವುದೇ ಇಲ್ಲ. ಅಲ್ಲಿಗೆ ಕೀಮೋನೇ ಹೋಗಬೇಕು.

ಮೊದಲು ಕೀಮೋ, ಆಮೇಲೆ ರೇಡಿಯೇಷನ್ ಕೊಟ್ಟರೆ ಜಾಸ್ತಿ ದಿನ ಬದುಕುತ್ತಾರೆ ಎಂದು 1990ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಸರಿ, ಎರಡನ್ನೂ ಒಟ್ಟಿಗೇ ಕೊಟ್ಟರೆ? ಜಪಾನಿನ ವೈದ್ಯರು ಅದನ್ನೂ ಪರೀಕ್ಷಿಸಿದರು. 1999ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ಔಷಧಿಗಳು ಅವೇ, ರೇಡಿಯೇಷನ್ ಪ್ರಮಾಣವೂ ಅಷ್ಟೇ. ಐದು ವರ್ಷದ ನಂತರ ಬದುಕಿದ್ದವರು, ಒಂದಾದ ಮೇಲೊಂದು ಪಡೆದವರಲ್ಲಿ ನೂರಕ್ಕೆ 9, ಒಟ್ಟಿಗೆ ಪಡೆದವರಲ್ಲಿ 16.

ಹೀಗೇಕೆ? ರೇಡಿಯೇಷನ್ ಕ್ಯಾನ್ಸರ್ ಕಣದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಕಣ ಅದನ್ನು ಮತ್ತೆ ಜೋಡಿಸಿಕೊಳ್ಳಲು ನೋಡುತ್ತದೆ. ಕೀಮೋದಲ್ಲಿ ಕೊಡುವ ಸಿಸ್ಪ್ಲಾಟಿನ್ ಔಷಧಿ ಅದೇ ಡಿಎನ್‌ಎಗೆ ಅಂಟಿಕೊಂಡು ಈ ರಿಪೇರಿಗೆ ಅಡ್ಡಗಾಲು ಹಾಕುತ್ತದೆ. ಜೊತೆಗೆ, ಕೀಮೋ ಮುಗಿಯಲಿ ಎಂದು ರೇಡಿಯೇಷನ್ ತಡ ಮಾಡಿದರೆ, ಸಾಯದೆ ಉಳಿದ ಕಣಗಳು ಆ ಬಿಡುವಿನಲ್ಲಿ ಮತ್ತೆ ಬೆಳೆಯಬಹುದು.

ಇದು ಪುಕ್ಕಟೆ ಬಂದ ಲಾಭವಲ್ಲ. ಅನ್ನನಾಳ ಇರುವುದೂ ಎದೆಯ ನಡುವೆಯೇ, ಅಲ್ವಾ? ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್ ನಡೆಯುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅನ್ನನಾಳದ ಒಳಪದರ ಹುಣ್ಣಾಗತೊಡಗುತ್ತದೆ. ಖಾರದ ಸಾರು ಹಾಗಿರಲಿ, ನೀರು ನುಂಗಿದರೂ ಉರಿ. ಹಲವರಿಗೆ ತಣ್ಣಗಿನ ಗಂಜಿ, ಮೊಸರೇ ಊಟ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ತೊಂದರೆ ತೀವ್ರವಾದದ್ದು ಒಟ್ಟಿಗೆ ಪಡೆದವರಲ್ಲಿ ನೂರಕ್ಕೆ 18 ಮಂದಿಗೆ, ಒಂದಾದ ಮೇಲೊಂದು ಪಡೆದವರಲ್ಲಿ 4 ಮಂದಿಗೆ. ಅದಕ್ಕೇ ತೀರಾ ನಿತ್ರಾಣರಾದವರಿಗೆ ವೈದ್ಯರು ಈಗಲೂ ಒಂದಾದ ಮೇಲೊಂದು ಕೊಡುತ್ತಾರೆ. ಅದನ್ನು ಕಮ್ಮಿ ಚಿಕಿತ್ಸೆ ಎಂದುಕೊಳ್ಳಬೇಕಿಲ್ಲ.

ಹಾಗಾದರೆ ರೇಡಿಯೇಷನ್ನನ್ನೇ ಇನ್ನಷ್ಟು ಏರಿಸಿದರೆ? 60 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಬದಲು 74 ಗ್ರೇ ಕೊಟ್ಟು ನೋಡಿದ್ದಾರೆ. ಜಾಸ್ತಿ ಪಡೆದವರೇ ಬೇಗ ತೀರಿಕೊಂಡರು! 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಬಹಳ ವೈದ್ಯರನ್ನು ತಬ್ಬಿಬ್ಬು ಮಾಡಿತು.

ಮುಂದಿನ ಹೆಜ್ಜೆ ಬಂದದ್ದು ಬೇರೆ ದಿಕ್ಕಿನಿಂದ. ಎರಡೂ ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ಡುರ್ವಾಲುಮಾಬ್ ಕೊಡುತ್ತಾರೆ. ಇದು ದೇಹದ ರೋಗನಿರೋಧಕ ಕಣಗಳ ಕಟ್ಟು ಬಿಚ್ಚುವ ಔಷಧಿ. ಇದನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಐದು ವರ್ಷದ ನಂತರ ಬದುಕಿದ್ದವರು, ಈ ಔಷಧಿ ಪಡೆಯದವರಲ್ಲಿ ನೂರಕ್ಕೆ 33, ಪಡೆದವರಲ್ಲಿ 43. ಆದರೆ ಅದರ ಬೆಲೆ ನಮ್ಮಲ್ಲಿ ಬಹಳ ಮನೆಗಳ ಕೈಗೆ ಇನ್ನೂ ಎಟುಕುತ್ತಿಲ್ಲ.