ಜಿಎಸ್‌ಟಿ ದರ ಏರಿದಾಗ: 5,085 ಕೇಳಬೇಕೋ, 6,000 ಕೇಳಬೇಕೋ?

ಕರಾರಿನಲ್ಲಿ ತೆರಿಗೆ ಜಗಳ ಬಂದರೆ ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ. ಸರ್ಕಾರಕ್ಕೆ ಯಾರು ಕಟ್ಟಬೇಕು? ಅದನ್ನು ಕಾನೂನು ಹೇಳುತ್ತದೆ. ಆ ದುಡ್ಡು ಕೊನೆಗೆ ಯಾರ ಜೇಬಿನಿಂದ ಹೋಗಬೇಕು? ಅದನ್ನು ಕರಾರು ಹೇಳುತ್ತದೆ. ಸರ್ಕಾರಿ ಉಕ್ಕು ಕಂಪನಿಯಾದ ರಾಷ್ಟ್ರೀಯ ಇಸ್ಪಾತ್ ನಿಗಮದ ಕೇಸಿನಲ್ಲಿ (2012) ಸೇವಾ ತೆರಿಗೆ (ಜಿಎಸ್‌ಟಿಗೆ ಮುಂಚೆ ಸೇವೆಗಳ ಮೇಲಿದ್ದ ತೆರಿಗೆ) ಕಟ್ಟುವ ಹೊಣೆ ನಿಗಮದ್ದೇ. ಆದರೂ ತೆರಿಗೆಗಳನ್ನೆಲ್ಲ ಗುತ್ತಿಗೆದಾರನೇ ಭರಿಸಬೇಕು ಎಂದು ಕರಾರಿನಲ್ಲಿತ್ತು. ಹಾಗಾಗಿ ನಿಗಮ ಆ ತೆರಿಗೆಯನ್ನು ಅವನ ಬಿಲ್ಲಿನಲ್ಲಿ ಮುರಿದುಕೊಂಡದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ಕರಾರಿನ ಜಗಳ ತೀರಿಸುವ ಮಧ್ಯಸ್ಥ) ಮುಂದೆ ಹೋಗುವುದೂ ಈ ಎರಡನೇ ಪ್ರಶ್ನೆ ಮಾತ್ರ.

ಇನ್ನು ಲೆಕ್ಕ. ತಲೆ ಕೆಡಿಸುವುದು ಇದೇ.

2022ರ ಜುಲೈ 18ರಿಂದ ಹಲವು ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 12ರಿಂದ 18 ಶೇಕಡಾಕ್ಕೆ ಏರಿತು. ಕರಾರು 'ತೆರಿಗೆ ಸೇರಿ' 1,12,000 ರೂಪಾಯಿಗೆ ಆಗಿದೆ ಎಂದುಕೊಳ್ಳಿ. ಹಳೇ ದರದಲ್ಲಿ ಕೆಲಸಕ್ಕೆ 1,00,000, ತೆರಿಗೆ 12,000. ದರ ಏರಿದ ಮೇಲೂ ಇಲಾಖೆ ಅಷ್ಟೇ ಕೊಟ್ಟರೆ ತೆರಿಗೆ 18,000 ಆಗುವುದಿಲ್ಲ! 1,12,000 × 18 ÷ 118, ಅಂದರೆ ಸುಮಾರು 17,085. ಗುತ್ತಿಗೆದಾರನಿಗೆ ಉಳಿಯುವುದು 94,915. ನಷ್ಟ 5,085.

ಆಮೇಲೆ ಗುತ್ತಿಗೆದಾರ 6,000 ಕೇಳುತ್ತಾನೆ. 'ಕಳೆದುಕೊಂಡದ್ದು 5,085, ಕೇಳೋದು ಯಾಕೆ ಜಾಸ್ತಿ?' ಅಂತ ಎದುರಿನವರು ಹಿಡಿದುಕೊಳ್ಳುತ್ತಾರೆ. ಕೇಳಿದರೆ ನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಆ 5,085 ಕೊಟ್ಟರೆ ಅದೂ ಕೆಲಸದ ಬೆಲೆಗೇ ಸೇರುತ್ತದೆ. ಅದರಲ್ಲೂ 776 ರೂಪಾಯಿ ತೆರಿಗೆಗೆ ಹೋಗುತ್ತದೆ. ಕೈಗೆ 99,224 ಬರುತ್ತದೆ, ಲಕ್ಷ ತುಂಬುವುದಿಲ್ಲ. 6,000 ಕೊಟ್ಟರೆ ಒಟ್ಟು 1,18,000. ಆಗ ಮಾತ್ರ 18,000 ತೆರಿಗೆ ಹೋಗಿ ಸರಿಯಾಗಿ ಲಕ್ಷ ಉಳಿಯುತ್ತದೆ. ಎರಡೂ ಅಂಕಿ ಸರಿಯೇ. ಒಂದು ಆದ ನಷ್ಟ, ಇನ್ನೊಂದು ಅದನ್ನು ತುಂಬಿಕೊಡಲು ಬೇಕಾದ ದುಡ್ಡು.

ನನ್ನ ಅಚ್ಚುಮೆಚ್ಚಿನ ಅಡ್ಡದಾರಿ: ಹಳೇ ಒಟ್ಟು ಮೊತ್ತವನ್ನು 112ರಿಂದ ಭಾಗಿಸಿ, 118ರಿಂದ ಗುಣಿಸಿ. ಮುಗೀತು.

ಇಷ್ಟೆಲ್ಲ ಕೇಳುವ ಹಕ್ಕು ಇದೆಯಾ ಅನ್ನುವುದು ಬೇರೆ ಮಾತು. ಸರಕಿನ ಮಾರಾಟವಾದರೆ ಸರಕು ಮಾರಾಟ ಕಾಯ್ದೆಯ (1930) 64ಎ ಕಲಂ ಇದೆ: ಕರಾರಾದ ಮೇಲೆ ತೆರಿಗೆ ಏರಿದರೆ ಮಾರುವವನು ಸೇರಿಸಿ ಕೇಳಬಹುದು, ಇಳಿದರೆ ಕೊಳ್ಳುವವನು ಕಳೆದು ಕೊಡಬಹುದು. ಕರಾರಿನಲ್ಲಿ ಬೇರೆ ಮಾತು ಇದ್ದರೆ ಅದೇ ನಡೆಯುತ್ತದೆ. ಬರೀ ಸೇವೆಗೆ ಈ ಕಲಂ ಇಲ್ಲ. ಅಲ್ಲಿ 'ತೆರಿಗೆ ಸೇರಿ' ಎಂದು ಸುಮ್ನೆ ಬರೆದಿದ್ದಾರಾ, ಇಲ್ಲಾ 'ದರ ಬದಲಾದರೆ ವ್ಯತ್ಯಾಸ ಕೊಡಲಾಗುವುದು' ಎಂದೂ ಇದೆಯಾ, ಅದನ್ನು ಮೊದಲು ಹುಡುಕಿ.