ಬೆಳ್ಳಿ ಮುಗಿದ ಊರಿನಲ್ಲಿ ಉಳಿದ ಶಾಲೆ

ಮಂಗಳೂರಿನ ನಮ್ಮ ಓದುಗುಂಪಿನಲ್ಲಿ ಈ ವಾರ ಮ್ಯೂಸಿಯಂ ಆದ ಹಳೆಯ ಕಟ್ಟಡಗಳ ಪಾಠ. ನನ್ನ ಪಾಲಿಗೆ ಬಂದದ್ದು ಅಮೆರಿಕದ ನೆವಾಡಾ ರಾಜ್ಯದ ವರ್ಜೀನಿಯಾ ಸಿಟಿಯಲ್ಲಿರುವ ಫೋರ್ತ್ ವಾರ್ಡ್ ಶಾಲೆ. ನಮ್ಮ ಪಾಲಿಕೆಯಲ್ಲಿ ವಾರ್ಡ್ ಇದೆಯಲ್ವಾ, ಹಾಗೇ ಇದು ನಾಲ್ಕನೇ ವಾರ್ಡಿನ ಶಾಲೆ.

ಮೊದಲು ಊರಿನ ಕಥೆ. 1859ರಲ್ಲಿ ಇಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ಅದಿರು ಸಿಕ್ಕಿತು. 1873ರಲ್ಲಿ ಇನ್ನೂ ದೊಡ್ಡ ನಿಕ್ಷೇಪ. ಒಣ ಗುಡ್ಡದ ಮೇಲೆ ಸುಮಾರು 20,000 ಜನರ ಊರು ಎದ್ದಿತು. 1875ರ ಬೆಂಕಿಯಲ್ಲಿ ಅದರ ದೊಡ್ಡ ಭಾಗ ಸುಟ್ಟುಹೋಯಿತು. ಮರುವರ್ಷವೇ ಈ ಶಾಲೆ ಕಟ್ಟಿದರು. ನಾಲ್ಕು ಅಂತಸ್ತು, 16 ತರಗತಿ ಕೋಣೆ, ಸಾವಿರದಷ್ಟು ಮಕ್ಕಳಿಗೆ ಜಾಗ, ಅದೂ ಮರದಲ್ಲಿ! ಬೆಳ್ಳಿ ಎಂದೂ ಮುಗಿಯುವುದಿಲ್ಲ ಅಂತ ನಂಬಿದವರ ಅಳತೆ ಇದು.

ನನಗೆ ಜಾಸ್ತಿ ಹಿಡಿಸಿದ್ದು ನೀರಿನ ವ್ಯವಸ್ಥೆ. ನಾಲ್ಕೂ ಅಂತಸ್ತಿಗೆ ಪೈಪಿನಲ್ಲಿ ನೀರು ಬರುತ್ತಿತ್ತು. ಅಂಗಳದಲ್ಲೇ ಬಾವಿ ಇರುವ ನಮಗೆ ಇದು ದೊಡ್ಡ ಸಂಗತಿ ಅನಿಸದೇ ಇರಬಹುದು. ಅಲ್ಲಿಗೆ ಮಾತ್ರ ಸಿಯೆರಾ ನೆವಾಡಾ ಬೆಟ್ಟದಿಂದ ನೀರು ಬರಬೇಕಿತ್ತು. ನಡುವೆ ಆಳದ ಕಣಿವೆ. 1873ರಲ್ಲಿ ಕಣಿವೆಗೆ ಇಳಿದು ಮತ್ತೆ ಮೇಲೆ ಹತ್ತುವ ಕಬ್ಬಿಣದ ಪೈಪು ಹಾಕಿದರು. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಡ್ಡದ ಟ್ಯಾಂಕಿಯಿಂದ ಹೊರಟ ಪೈಪು ತೋಡು ದಾಟಿ ಆಚೆಯ ದರೆ ಹತ್ತಲಿ, ಅದರ ತುದಿ ಟ್ಯಾಂಕಿಗಿಂತ ಕೆಳಗಿದ್ದರೆ ನೀರು ತಾನಾಗಿ ಬರುತ್ತದೆ. ಪಂಪು ಬೇಡ. ಆದರೆ ಕಣಿವೆಯ ತಳದಲ್ಲಿ ಒತ್ತಡ ವಿಪರೀತ, ಅಲ್ಲಿ ಪೈಪಿನ ತಗಡು ದಪ್ಪ ಇರಲೇಬೇಕು.

ಅದಿರು ಮುಗಿಯುತ್ತಾ ಬಂತು, ಜನ ಹೊರಟರು. ನಮ್ಮ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದಾಗ ಆದದ್ದನ್ನು ನೆನಪಿಸಿಕೊಳ್ಳಿ. ಶಾಲೆ 1936ರಲ್ಲಿ ಬಾಗಿಲು ಹಾಕಿತು. ಮ್ಯೂಸಿಯಂ ಆಗಿ ತೆರೆದದ್ದು 1986ರಲ್ಲಿ. ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದರೆ ಸಾಲದು. 16 ಕೋಣೆ ಯಾಕೆ ಬೇಕಾಯಿತು, ಯಾಕೆ ಖಾಲಿಯಾಯಿತು ಅಂತ ಬರೆಯಿರಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. 50 ವರ್ಷ ಶಾಲೆಯಿಲ್ಲದ ಮರದ ಕಟ್ಟಡ ಉಳಿದದ್ದು ಹೇಗೆ? ಅಲ್ಲಿಯ ಒಣ ಹವೆಗೂ ಇದರಲ್ಲಿ ಪಾಲಿದೆ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಮಾಡಿನ ಒಂದು ಹೆಂಚು ಜಾರಿದರೂ ಸಾಕು. ಮೊದಲು ಹೆಂಚಿನ ಕೆಳಗಿನ ಮರದ ಪಟ್ಟಿ, ಅಂದರೆ ರೀಪು, ನೆನೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕ್ಕಾಸು, ಹಿಂದೆಯೇ ಗೆದ್ದಲು. ಹಾಗಾಗಿ ಇಲ್ಲಿಯ ಹಳೆಯ ಶಾಲೆ ಉಳಿಸಬೇಕಾದರೆ, ಗಾಜಿನ ಕಪಾಟಿಗಿಂತ ಮೊದಲು ಬೇಕಾದದ್ದು ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹೆಂಚು ಬದಲಿಸುವ ಕೈ.