ಹಕ್ಕಿ ಬೀಳದಿದ್ದರೆ ಬಂದೂಕು ಬಿಚ್ಚಬೇಡಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟಿವಿ ಮತ್ತು ವಿಡಿಯೊ ಗೇಮ್ ರಿಪೇರಿ ಮಾಡಿಕೊಂಡಿರುವ ನನ್ನ ಮೇಜಿಗೆ ಈಚೆಗೆ ಮತ್ತೆ ಮತ್ತೆ ಬರುತ್ತಿರುವುದು ಹಳೆಯ ಟಿವಿ ಗೇಮಿನ ಪ್ಲಾಸ್ಟಿಕ್ ಬಂದೂಕು. ಅಟ್ಟ ಗುಡಿಸುವಾಗ ಸಿಕ್ಕಿದ ಪೆಟ್ಟಿಗೆಯನ್ನು ಮಕ್ಕಳಿಗೆ ತೋರಿಸುವ ಆಸೆಯಿಂದ ಮನೆಯ ಎಲ್‌ಇಡಿ ಟಿವಿಗೆ ಜೋಡಿಸುತ್ತಾರೆ; ಕ್ಯಾಸೆಟ್ ಓಡುತ್ತದೆ, ಬಾತುಕೋಳಿಗಳು ಹಾರುತ್ತವೆ, ಆದರೆ ಎಷ್ಟು ಗುರಿಯಿಟ್ಟರೂ ಒಂದೂ ಬೀಳುವುದಿಲ್ಲ. ಬಂದೂಕು ಕೆಟ್ಟಿದೆಯೆಂದು ತಾವೇ ತೀರ್ಮಾನಿಸಿ, ಸ್ಕ್ರೂ ತೆಗೆದು, ಒಳಗಿನ ತಂತಿ ಕಿತ್ತ ಮೇಲೆ ನನ್ನಲ್ಲಿಗೆ ತರುತ್ತಾರೆ. ಬಹುಪಾಲು ಬಂದೂಕುಗಳು ಬಿಚ್ಚುವ ತನಕ ಸರಿಯಾಗಿಯೇ ಇದ್ದವು ಎಂಬುದು ನನ್ನ ಸಂಕಟ. ಅಡಾಪ್ಟರಿನ ಪ್ಲಸ್ ಮೈನಸ್ ನೋಡಿಯೇ ಹಾಕುತ್ತೀರಿ ಎಂದು ನಂಬಿ, ಉಳಿದ ವಿಷಯಗಳನ್ನು ಬಿಟ್ಟು ಇದೊಂದನ್ನೇ ಬರೆಯುತ್ತಿದ್ದೇನೆ.

ಬಂದೂಕಿನಿಂದ ಟಿವಿಗೆ ಏನೋ ಕಿರಣ ಹೋಗುತ್ತದೆ ಎಂದು ಓದಿದವರೂ ತಿಳಿದಿದ್ದಾರೆ. ಅದರಿಂದ ಏನೂ ಹೊರಡುವುದಿಲ್ಲ. ನಳಿಗೆಯ ತುದಿಯಲ್ಲೊಂದು ಸಣ್ಣ ಮಸೂರ, ಅದರ ಹಿಂದೆ ಬೆಳಕು ಬಿದ್ದರೆ ಗುರುತಿಸುವ ಅಕ್ಕಿಕಾಳಿನಷ್ಟು ಪುಟ್ಟ ಸೆನ್ಸರ್, ಇಷ್ಟೇ ಇರುವುದು. ಬೆಳಕು ಟಿವಿಯಿಂದ ಬಂದೂಕಿನ ಒಳಗೆ ಬರಬೇಕು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದೊಡನೆ ಆಟದ ಪೆಟ್ಟಿಗೆ ಇಡೀ ಪರದೆಯನ್ನು ಒಂದು ಕ್ಷಣ ಕಪ್ಪಾಗಿಸಿ, ಮರುಕ್ಷಣ ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡಿಸುತ್ತದೆ. ಕಪ್ಪಿದ್ದಾಗ ಬೆಳಕು ಕಾಣದೆ, ಚೌಕ ಬಂದಾಗ ಕಂಡರೆ ಗುರಿ ತಾಗಿತೆಂದು ಲೆಕ್ಕ. ಎರಡು ಹಕ್ಕಿಗಳಿದ್ದರೆ ಒಂದರ ಹಿಂದೊಂದು ಎರಡು ಚೌಕ ಬರುತ್ತವೆ. ಯಾವ ಸರದಿಯಲ್ಲಿ ಬೆಳಕು ಕಂಡಿತೋ ಆ ಹಕ್ಕಿ ಬೀಳುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಲ್ಲಿ ಇಂಥ ಒಂದೊಂದು ಚಿತ್ರದ ಆಯುಸ್ಸು ಸೆಕೆಂಡಿನ 50ರಲ್ಲಿ ಒಂದು ಪಾಲು.

ಪಿಕ್ಚರ್ ಟ್ಯೂಬ್ ಟಿವಿಯಲ್ಲಿ, ಅಂದರೆ ಹಳೆಯ ಡಬ್ಬಾ ಟಿವಿಯಲ್ಲಿ, ಈ ಲೆಕ್ಕ ಕೂದಲೆಳೆಯೂ ತಪ್ಪುವುದಿಲ್ಲ, ಏಕೆಂದರೆ ಸಿಗ್ನಲ್ ಬಂದ ಗಳಿಗೆಯಲ್ಲೇ ಎಲೆಕ್ಟ್ರಾನ್ ಕಿರಣ ಗಾಜಿನ ಮೇಲೆ ಗೆರೆ ಗೆರೆಯಾಗಿ, ಸೆಕೆಂಡಿಗೆ 15,625 ಗೆರೆಗಳಂತೆ, ಚಿತ್ರ ಬರೆಯುತ್ತದೆ. ಒಳ್ಳೆಯ ಬಂದೂಕಿನ ಸರ್ಕೀಟು ಆ ಗೆರೆಗಳ ಮಿಡಿತವನ್ನೇ ಹುಡುಕುತ್ತದೆ. ಮನೆಯ ಬಲ್ಬಿನ ಬೆಳಕಿಗೆ ಅದು ಮೋಸಹೋಗುವುದಿಲ್ಲ. 1972ರಲ್ಲಿ ಬಂದ ಮೊದಲ ಮನೆಬಳಕೆಯ ಕನ್ಸೋಲ್ (ಆಟದ ಪೆಟ್ಟಿಗೆ) ಮ್ಯಾಗ್ನವಾಕ್ಸ್ ಒಡಿಸ್ಸಿಗೂ ಇಂಥದೊಂದು ಬಂದೂಕು ಇತ್ತು, ಆದರೆ ಅದನ್ನು ಉರಿಯುವ ಬಲ್ಬಿನ ಕಡೆ ಹಿಡಿದರೂ ಗುರಿ ತಾಗುತ್ತಿತ್ತು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಕನ್ಸೋಲ್ ಬಂದು, ಮರುವರ್ಷ ಅದಕ್ಕೆ ಡಕ್ ಹಂಟ್ ಎಂಬ ಈ ಬಾತುಕೋಳಿ ಆಟ ಬರುವ ಹೊತ್ತಿಗೆ ಈ ಕೊರತೆ ನೀಗಿತ್ತು. ನಮ್ಮ ಮನೆಗಳಿಗೆ ಬಂದವು ಬಹುತೇಕ ಆ ಫ್ಯಾಮಿಕಾಮ್‌ನ ನಕಲು ಪೆಟ್ಟಿಗೆಗಳು.

ಎಲ್‌ಇಡಿ ಟಿವಿಯಲ್ಲಿ ಗೆರೆ ಎಳೆಯುವ ಕಿರಣವಿಲ್ಲ. ಪರದೆಯ ಹಿಂದೆ ದೀಪ ಸದಾ ಉರಿಯುತ್ತಿರುವುದರಿಂದ ಬಂದೂಕು ಕಾಯುವ ಮಿಡಿತ ಅಲ್ಲಿ ಹುಟ್ಟುವುದೇ ಇಲ್ಲ. ಇದಲ್ಲದೆ ಬಂದ ಚಿತ್ರವನ್ನು ಟಿವಿ ಮೊದಲು ತನ್ನ ಪರದೆಯ ಅಳತೆಗೆ ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಬಿಳಿ ಚೌಕದ ಸರದಿ ಮುಗಿಸಿ, ಬೆಳಕು ಕಾಣಲಿಲ್ಲವೆಂದು ಬರೆದುಕೊಂಡಿರುತ್ತದೆ. ಟಿವಿಯ ಬ್ರೈಟ್‌ನೆಸ್ ಎಷ್ಟು ಏರಿಸಿದರೂ, ಹತ್ತಿರ ಹೋಗಿ ನಳಿಗೆಯನ್ನು ಪರದೆಗೇ ಒತ್ತಿದರೂ, ಆನ್‌ಲೈನ್‌ನಲ್ಲಿ ಅದೇ ನಮೂನೆಯ ಇನ್ನೊಂದು ಬಂದೂಕು ತರಿಸಿದರೂ ಫಲವಿಲ್ಲ. ಎಲ್ಲ ಮಾಡೆಲ್‌ಗಳನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಎಲ್ಲಿಯೂ ನಡೆಯದೆಂದು ಆಣೆ ಮಾಡಲಾರೆ. ನನ್ನ ಅಂಗಡಿಯಲ್ಲಿ ಒಂದರಲ್ಲಿಯೂ ನಡೆದಿಲ್ಲ. 2006ರ ವೀ ಕನ್ಸೋಲಿನ ರಿಮೋಟು ಹೊಸ ಟಿವಿಯಲ್ಲೂ ಗುರಿ ಹಿಡಿಯುತ್ತದಲ್ಲ ಎಂದು ವಾದಿಸುವವರಿದ್ದಾರೆ. ಅದು ಪರದೆಯನ್ನು ನೋಡುವುದೇ ಇಲ್ಲ, ಟಿವಿಯ ಮೇಲೋ ಕೆಳಗೋ ಇಟ್ಟ ಪಟ್ಟಿಯ ಇನ್‌ಫ್ರಾರೆಡ್ ದೀಪಗಳನ್ನು ನೋಡುತ್ತದೆ.

ಕಳೆದ ಆಷಾಢದಲ್ಲಿ ಹೊಸನಗರದ ಕಡೆಯ ಅಡಿಕೆ ತೋಟದವರೊಬ್ಬರು ಧೋ ಎಂದು ಸುರಿಯುವ ಮಳೆಯಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದಿದ್ದರು. "ಎಂತ ಮಾರಾಯ್ರೆ, ಮಗ ಎರಡು ದಿನದಿಂದ ಹೊಡೀತಾ ಇದ್ದಾನೆ, ಒಂದು ಹಕ್ಕಿನೂ ಬೀಳಲ್ಲ" ಎಂದರು. ಅವರದನ್ನು ಮಾತ್ರ ಬಿಚ್ಚಬೇಕಾಯಿತು, ಏಕೆಂದರೆ ನಳಿಗೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ಮಸೂರವನ್ನೇ ಮುಚ್ಚಿತ್ತು. ಒದ್ದೆ ಹತ್ತಿಯಿಂದ ಮಣ್ಣು ನೆನೆಸಿ ತೆಗೆದು, ಮಸೂರದಂಚಿನ ಬೂಷ್ಟು ಒರೆಸಿ, ಮೊದಲು ಎಲ್‌ಇಡಿಗೆ ಜೋಡಿಸಿ ತೋರಿಸಿದೆ, ಹಕ್ಕಿ ಬೀಳಲಿಲ್ಲ. ಪರೀಕ್ಷೆಗೆಂದೇ ಇಟ್ಟುಕೊಂಡಿರುವ 14 ಇಂಚಿನ ಹಳೆಯ ಟಿವಿಗೆ ಹಾಕಿದೆ. ಮೊದಲ ಹೊಡೆತಕ್ಕೇ ಬಾತುಕೋಳಿ ಗಿರಕಿ ಹೊಡೆಯುತ್ತಾ ಹುಲ್ಲಿಗೆ ಬಿತ್ತು. ಅವರ ಮುಖ ಅರಳಿ, ಹಾಗೆಯೇ ಬಾಡಿತು. ಮನೆಯ ಡಬ್ಬಾ ಟಿವಿಯನ್ನು ಯುಗಾದಿಗೆ ಮೊದಲು ಗುಜರಿಗೆ ಹಾಕಿದ್ದರಂತೆ.

ಅದಕ್ಕಾಗಿ ಕೇಳಿಕೊಳ್ಳುತ್ತೇನೆ, ಬಂದೂಕಿನ ಆಟ ಬೇಕೆಂದಿರುವವರು ಓಡುತ್ತಿರುವ ಪಿಕ್ಚರ್ ಟ್ಯೂಬ್ ಟಿವಿಯನ್ನು ಗುಜರಿಗೆ ಕೊಡಬೇಡಿ. ಮಳೆಗಾಲದಲ್ಲಿ ಗೋಡೆಯ ತೇವ ತಾಗದಂತೆ ಇಡಿ, ಆಗಾಗ ಸ್ವಲ್ಪ ಹೊತ್ತು ಹಚ್ಚಿ. ಹಿಂದಿನ ಮುಚ್ಚಳವನ್ನು ಮಾತ್ರ ತೆಗೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ನಿಂತಿರಬಹುದು, ಅದನ್ನು ಇಳಿಸುವ ಕ್ರಮ ಗೊತ್ತಿರುವವರೇ ಮುಟ್ಟಬೇಕು.

ತೋಟದವರು ಮೊನ್ನೆ ಫೋನ್ ಮಾಡಿದ್ದರು. ತೀರ್ಥಹಳ್ಳಿಯಲ್ಲಿ ಅಕ್ಕನ ಮನೆಯ ಉಪ್ಪರಿಗೆಯಲ್ಲಿ 21 ಇಂಚಿನದೊಂದು ಇದೆ, ಹಚ್ಚಿದರೆ ಬರೀ ಒಂದು ಅಡ್ಡಗೆರೆ ಬರುತ್ತದೆ, ತರಲೇ ಎಂದು ಕೇಳಿದರು. ಅಡ್ಡಗೆರೆಯಾದರೂ ಬರುತ್ತಿದೆಯೆಂದರೆ ಟ್ಯೂಬಿಗೆ ಜೀವವಿದೆ, ಸಾಮಾನ್ಯವಾಗಿ ಅದು ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಭಾಗದ ತೊಂದರೆ, ಹಾಸಿಗೆಯಲ್ಲಿ ಸುತ್ತಿ ಗಾಜು ಸೀಟಿನ ಬೆನ್ನಿಗೆ ಬರುವಂತೆ ಕಾರಿನಲ್ಲಿಟ್ಟು ತನ್ನಿ ಎಂದಿದ್ದೇನೆ.